ಪಾದರಸ ಮತ್ತು ಜೀವಕೋಶದ ಸ್ವಿಚ್ಚುಗಳು

ಪಾದರಸ ನಮಗೆ ಹೊಸದಲ್ಲ. ಜ್ವರ ನೋಡುವ ಗಾಜಿನ ಕಡ್ಡಿಯಲ್ಲಿ, ಹಳೆಯ ರಕ್ತದೊತ್ತಡ ಮಾಪಕದಲ್ಲಿ, ಟ್ಯೂಬ್‌ಲೈಟಿನಲ್ಲಿ ಅದನ್ನು ಬಳಸುತ್ತ ಬಂದಿದ್ದೇವೆ. ಅದು ವಿಷ ಎಂಬುದೂ ಎಲ್ಲರಿಗೂ ಗೊತ್ತು. ಆದರೆ ದೇಹದೊಳಗೆ ಅದು ಮಾಡುವುದೇನು? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳು ತಲುಪಿದ್ದು ಜೀವಕೋಶದ ಒಳಮನೆಯನ್ನು, ಅಂದರೆ ವಂಶವಾಹಿಗಳಿರುವ ಕೋಶಕೇಂದ್ರವನ್ನು. ಕಾರ್ಯಕ್ರಮದ ಸೀಮಿತ ಅವಧಿಯಲ್ಲಿ ವಿವರವಾಗಿ ಹೇಳಲಾಗದ ಈ ವಿಷಯವನ್ನು ಇಲ್ಲಿ ನೋಡೋಣ.

ಮಿನಮಾಟದ ಪಾಠ

ಜಪಾನಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ ಚಿಸ್ಸೊ ಕಂಪೆನಿಯ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಅದಕ್ಕೆ ಪಾದರಸದ ಸಂಯುಕ್ತ ಬೇಕಾಗುತ್ತಿತ್ತು. ಕೊಲ್ಲಿಗೆ ಹರಿದ ತ್ಯಾಜ್ಯದಲ್ಲಿದ್ದ ಮೀಥೈಲ್ ಪಾದರಸ ಮೀನು ಸೇರಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಮನುಷ್ಯರಲ್ಲಿ ಈ ಕಾಯಿಲೆ ಅಧಿಕೃತವಾಗಿ ವರದಿಯಾದದ್ದು 1956ರ ಮೇ 1ರಂದು. ಕೈಕಾಲು ಜೋಮು, ತೊದಲು ಮಾತು, ಕಿರಿದಾಗುವ ದೃಷ್ಟಿ ಇದರ ಲಕ್ಷಣಗಳು. ತ್ಯಾಜ್ಯವೇ ಕಾರಣವೆಂದು ಸರ್ಕಾರ ಒಪ್ಪಿಕೊಳ್ಳಲು 1968ರವರೆಗೆ ಕಾಯಬೇಕಾಯಿತು.

ಇದಕ್ಕಿಂತ ಕಳವಳದ ಸಂಗತಿ ಇನ್ನೊಂದಿತ್ತು. ಹೆಚ್ಚೇನೂ ತೊಂದರೆ ಕಾಣದ ತಾಯಂದಿರಿಗೂ ತೀವ್ರ ಅಂಗವೈಕಲ್ಯದ ಮಕ್ಕಳು ಹುಟ್ಟಿದರು. ಮಾಸು ವಿಷವನ್ನು ತಡೆಯುತ್ತದೆ ಎಂಬುದು ಆಗಿನ ವೈದ್ಯರ ನಂಬಿಕೆಯಾಗಿತ್ತು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಜೋಪಾನವಾಗಿಡುವ ಪದ್ಧತಿಯಿದೆ. ಆ ತುಂಡುಗಳನ್ನು ಮುಂದೆ ಪರೀಕ್ಷಿಸಿದಾಗ ಮೀಥೈಲ್ ಪಾದರಸ ಪತ್ತೆಯಾಯಿತು. ಗರ್ಭದಲ್ಲಿದ್ದಾಗಲೇ ವಿಷ ಮಗುವನ್ನು ತಲುಪಿತ್ತೆಂಬುದಕ್ಕೆ ಸಾಕ್ಷಿ ಮನೆಗಳಲ್ಲೇ ಇತ್ತು.

ಒಳಗೆ ಹೋಗುವ ದಾರಿ

ಪಾದರಸಕ್ಕೆ ಗಂಧಕದ ಮೇಲೆ ಬಲು ಮೋಹ. ಇವೆರಡನ್ನು ಒಟ್ಟಿಗೆ ಅರೆದರೆ ಕಪ್ಪು ಕಜ್ಜಳಿ ಆಗುವುದನ್ನು ರಸವೈದ್ಯರು ಬಲ್ಲರು. ನಮ್ಮ ಪ್ರೋಟೀನುಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದಲ್ಲೂ ಗಂಧಕವಿದೆ. ಮೀಥೈಲ್ ಪಾದರಸ ಸಿಸ್ಟೀನಿಗೆ ಅಂಟಿಕೊಂಡಾಗ, ಆ ಜೋಡಿ ದೇಹಕ್ಕೆ ಅಗತ್ಯವಾದ ಮೀಥಿಯೋನಿನ್‌ನಂತೆಯೇ ತೋರುತ್ತದೆ. ವೇಷಕ್ಕೆ ಮೋಸಹೋದ ಜೀವಕೋಶ ಬಾಗಿಲು ತೆರೆಯುತ್ತದೆ. ಮಿದುಳಿಗೆ ಹಾಗೂ ಭ್ರೂಣಕ್ಕೆ ವಿಷ ಸಾಗುವ ಒಂದು ಮುಖ್ಯ ದಾರಿ ಇದೇ.

ಸ್ವಿಚ್ಚು ಒತ್ತುವ ಲೋಹ

ನಮ್ಮ ಬಹುಪಾಲು ಜೀವಕೋಶಗಳಲ್ಲಿ ಪ್ರೋಟೀನು ತಯಾರಿಸುವ ಸುಮಾರು 20,000 ವಂಶವಾಹಿಗಳಿವೆ. ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಮನೆಯ ದೀಪಗಳಂತೆ ಬೇಕಾದವು ಮಾತ್ರ ಉರಿಯುತ್ತವೆ. ಪಾದರಸ ಕೈಯಿಡುವುದು ಈ ಸ್ವಿಚ್ಚುಗಳಿಗೆ.

ಅಜೈವಿಕ ಪಾದರಸವು ಮೂತ್ರಪಿಂಡದ ಕೋಶ ಸೇರಿದಾಗ ಅಲ್ಲಿನ ಪ್ರೋಟೀನುಗಳಲ್ಲಿರುವ ಸತುವನ್ನು ಹೊರದೂಡಿ ತಾನು ಕೂರುತ್ತದೆ. ಬಿಡುಗಡೆಯಾದ ಸತು ಎಂಟಿಎಫ್-1 ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ಅದು ಕೋಶಕೇಂದ್ರದಲ್ಲಿ ಮೆಟಲೋಥಯೋನೀನ್ ವಂಶವಾಹಿಯ ಸ್ವಿಚ್ಚು ಒತ್ತುತ್ತದೆ. ಹೀಗೆ ತಯಾರಾಗುವ, ಗಂಧಕ ತುಂಬಿದ ಪುಟ್ಟ ಪ್ರೋಟೀನು ಪಾದರಸವನ್ನು ಹಿಡಿದು ಕಟ್ಟಿಹಾಕುತ್ತದೆ.

ಮೀಥೈಲ್ ಪಾದರಸ ಬಂದಾಗ ಏಳುವ ಎಚ್ಚರಿಕೆ ಬೇರೆ. ಎನ್‌ಆರ್‌ಎಫ್-2 ಎಂಬ ಪ್ರೋಟೀನನ್ನು ಕೀಪ್-1 ಎಂಬ ಕಾವಲುಗಾರ ಸದಾ ಹಿಡಿದಿರುತ್ತದೆ. ಕೀಪ್-1ರ ಗಂಧಕಕ್ಕೆ ಪಾದರಸ ಅಂಟಿದೊಡನೆ ಹಿಡಿತ ಸಡಿಲವಾಗುತ್ತದೆ. ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಧಾವಿಸಿ, ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವನ್ನು ತಯಾರಿಸುವ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ.

ಅಂದರೆ ಮೊದಲ ಬದಲಾವಣೆಗಳು ಜೀವಕೋಶದ ಆತ್ಮರಕ್ಷಣೆ. ವಿಷ ಮಿತಿ ಮೀರಿದಾಗ ಈ ರಕ್ಷಣೆ ಸೋಲುತ್ತದೆ. ಕೋಶವನ್ನು ಸಾವಿನತ್ತ ಒಯ್ಯುವ ವ್ಯವಸ್ಥೆ ಚಾಲನೆಗೊಳ್ಳುತ್ತದೆ. ಡಿಎನ್‌ಎಯ ಅಕ್ಷರಗಳು ಬದಲಾಗದಿದ್ದರೂ ಅವುಗಳ ಮೇಲಿನ ರಾಸಾಯನಿಕ ಗುರುತುಗಳು ಬದಲಾಗುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಭ್ರೂಣದ ಮಿದುಳಿನಲ್ಲಿ ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂಬುದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ವಯಸ್ಕರ ರಕ್ತದಲ್ಲಿನ ಮೀಥೈಲ್ ಪಾದರಸ ಸುಮಾರು 50 ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದರೆ ಕಟ್ಟುವಾಗಲೇ ಕೆಟ್ಟ ಮಿದುಳನ್ನು ಮತ್ತೆ ಕಟ್ಟಲಾಗುವುದಿಲ್ಲ.

ನಾವೇನು ಮಾಡಬಹುದು?

ಈ ಮಾತು ಜಪಾನಿಗೆ ಸೀಮಿತವಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಪಾದರಸದ ಬಗ್ಗೆ 1990ರಲ್ಲೇ ಅಧ್ಯಯನ ಪ್ರಕಟವಾಗಿತ್ತು. ಪಾದರಸ ನಿಯಂತ್ರಣದ ಮಿನಮಾಟ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು.

ಮನೆಯಲ್ಲಿ ಥರ್ಮಾಮೀಟರು ಒಡೆದರೆ ಕಿಟಕಿ ತೆರೆಯಿರಿ, ಮಕ್ಕಳನ್ನು ದೂರವಿಡಿ. ಪೊರಕೆಯಿಂದ ಗುಡಿಸಬೇಡಿ, ಹನಿಗಳು ಚೂರಾಗಿ ಚದುರುತ್ತವೆ. ದಪ್ಪ ಕಾಗದದಿಂದ ಕೂಡಿಸಿ, ಮುಚ್ಚಳವಿರುವ ಸೀಸೆಗೆ ಹಾಕಿ. ಚರಂಡಿಗಂತೂ ಸುರಿಯಲೇಬೇಡಿ. ಮೀನು ತಿನ್ನುವುದನ್ನು ಬಿಡಬೇಕಿಲ್ಲ. ಬೂತಾಯಿಯಂಥ ಸಣ್ಣ ಮೀನಿನಲ್ಲಿ ಸಾಮಾನ್ಯವಾಗಿ ಪಾದರಸ ಕಡಿಮೆ. ಬೇರೆ ಮೀನುಗಳನ್ನು ತಿಂದು ಬೆಳೆಯುವ ಶಾರ್ಕ್‌ನಂಥ ದೊಡ್ಡ ಮೀನಿನಲ್ಲಿ ಹೆಚ್ಚು. ಗರ್ಭಿಣಿಯರು ಅಂಥ ಮೀನುಗಳಿಂದ ದೂರವಿರುವುದು ಕ್ಷೇಮ.