ಹೊಳೆ ಈಚೆ ಒಂದು ಸ್ಟ್ಯಾಂಪ್, ಆಚೆ ಇನ್ನೊಂದು: ಮುನಿರಾಬಾದ್ ದಂಡೆಯ ಟಪಾಲಿನ ಕಥೆ

ಮುನಿರಾಬಾದ್: ಇಲ್ಲಿಂದ ಹೊಸಪೇಟೆ ಎಷ್ಟು ದೂರ? ಸೇತುವೆ ದಾಟಿದರೆ ಮುಗೀತು. ಆದರೆ ಒಂದು ಕಾಲಕ್ಕೆ ಇಲ್ಲಿಂದ ಅಲ್ಲಿಗೆ ಕಾಗದ ಬರೆಯೋದಂದ್ರೆ ಬೇರೆ ಸರ್ಕಾರಕ್ಕೆ ಬರೆದಂಗೆ. ಈ ದಂಡೆ ಹೈದರಾಬಾದ್ ನಿಜಾಮರದು, ಆ ದಂಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ನಡುವೆ ತುಂಗಭದ್ರಾ.

ನಿಜಾಮ್ ಸರ್ಕಾರ 1869ರಲ್ಲೇ ತನ್ನ ಸ್ವಂತ ಸ್ಟ್ಯಾಂಪ್ ತಂದಿತ್ತು. ಅದು ನಡೀತಿದ್ದದ್ದು ಸಂಸ್ಥಾನದ ಒಳಗೆ ಮಾತ್ರ. ಕೊಪ್ಪಳದಿಂದ ರಾಯಚೂರು, ಗುಲಬರ್ಗಾ, ಅಷ್ಟೇ ಯಾಕೆ, ಔರಂಗಾಬಾದಿಗೆ ಬರೆದರೂ ಅದೇ ಸಾಕು. ಎದುರಿಗೆ ಕಾಣೋ ಹೊಸಪೇಟೆಗೆ, ಗದಗ, ಹುಬ್ಬಳ್ಳಿಗೆ ಮಾತ್ರ ಬ್ರಿಟಿಷ್ ಇಂಡಿಯಾದ ಸ್ಟ್ಯಾಂಪ್ ಬೇಕು. ವ್ಯಾಪಾರಸ್ಥರಿಗೆ ರೊಕ್ಕದ ಲೆಕ್ಕವೂ ಬೇರೆ ಇತ್ತು. ಬ್ರಿಟಿಷರ 100 ರೂಪಾಯಿಗೆ ನಿಜಾಮರ ಹಾಲಿ ಸಿಕ್ಕಾ ಸುಮಾರು 116.

1931ರಲ್ಲಿ ಬಂದ ನಿಜಾಮರ ಚಿತ್ರದ ಸ್ಟ್ಯಾಂಪ್ ನೋಡೋಕೆ ಚೆಂದ. ಒಂದು ಆಣೆಗೆ ಚಾರ್‌ಮಿನಾರ್. 12 ಆಣೆಯದರ ಮೇಲೆ ಬೀದರಿನ ಮಹಮೂದ್ ಗವಾನ್ ಮದರಸಾ. ಕನ್ನಡ ನೆಲದ ಕಟ್ಟಡಕ್ಕೂ ಜಾಗ ಸಿಕ್ಕಿತ್ತು ಅನ್ನೋದು ನಮ್ಮ ಕಡೆ ಬಹಳ ಮಂದಿಗೆ ಗೊತ್ತಿಲ್ಲ.

ರೈಲಿನದ್ದು ಇನ್ನೊಂದು ಮಜಾ. ನಿಜಾಮರ ಸ್ವಂತ ರೈಲ್ವೆ ಕೊಪ್ಪಳದ ಕಡೆ ಬರಲೇ ಇಲ್ಲ. ಗುಂತಕಲ್‌ನಿಂದ ಹೊಸಪೇಟೆ, ಕೊಪ್ಪಳ, ಗದಗ ಮೇಲೆ ಹೋಗೋ ಲೈನ್ ಸದರ್ನ್ ಮರಾಠಾ ಕಂಪನಿಯದು. ಗಾಡಿ ಮದ್ರಾಸ್ ಪ್ರಾಂತ್ಯದಿಂದ ನಿಜಾಮರ ಸೀಮೆಗೆ ಬಂದು, ಮುಂದೆ ಬಾಂಬೆ ಪ್ರಾಂತ್ಯಕ್ಕೆ ದಾಟುತ್ತಿತ್ತು. ಡ್ಯಾಮಿಗೂ ಇದೇ ಹಣೆಬರಹ: 1945ರಲ್ಲಿ ಎರಡು ದಂಡೆಗೆ ಎರಡು ಸರ್ಕಾರದವರು ಬೇರೆಬೇರೆ ಅಡಿಗಲ್ಲು ಹಾಕಿದರು.

1948ರ ಪೊಲೀಸ್ ಕಾರ್ಯಾಚರಣೆ ಆದಮೇಲೂ ನಿಜಾಮರ ಸ್ಟ್ಯಾಂಪ್ ತಕ್ಷಣ ಹೋಗಲಿಲ್ಲ. 1950ರ ಏಪ್ರಿಲ್ 1ಕ್ಕೆ ಭಾರತದ ಸ್ಟ್ಯಾಂಪ್ ಅದರ ಜಾಗಕ್ಕೆ ಬಂತು. ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದ್ರೆ ರಾಜ್ಯಕ್ಕಿಂತ ಆರು ವರ್ಷ ಮೊದಲೇ ಟಪಾಲು ಒಂದಾಗಿತ್ತು. 1972ರಲ್ಲಿ ಶುರುವಾದ ಪಿನ್‌ಕೋಡ್ ನೋಡ್ರಿ: ಹೊಸಪೇಟೆ 583201, ಕೊಪ್ಪಳ 583231. ಮೊದಲ ಮೂರು ಅಂಕಿ ಒಂದೇ.

ಹಳೆ ಅಂಗಡಿಗಳ ಟ್ರಂಕಿನಾಗ ಇಂಥ ಕಾಗದ ಇನ್ನೂ ಇರಬಹುದು. ರದ್ದಿಗೆ ಹಾಕೋ ಮುಂಚೆ ಒಮ್ಮೆ ನೋಡ್ರಿ. ಬಾಂಡ್ ಪೇಪರ್, ಕೋರ್ಟ್ ಫೀ ಸ್ಟ್ಯಾಂಪ್ ಬೇರೆ, ಟಪಾಲು ಸ್ಟ್ಯಾಂಪ್ ಬೇರೆ. ಸಿಕ್ಕರೆ ನೀರಲ್ಲಿ ನೆನೆಸಿ ಕೀಳಬ್ಯಾಡ್ರಿ, ಲಕೋಟೆ ಸಮೇತ ಇಡ್ರಿ. ಯಾವ ಊರಿನಿಂದ, ಯಾವ ತಾರೀಖಿಗೆ ಹೋಯ್ತು ಅನ್ನೋದು ಅದರ ಮೇಲಿನ ಠಸ್ಸೆಯಲ್ಲೇ ಇರುತ್ತೆ. ಸಂಗ್ರಹಕಾರರು ಮೊದಲು ನೋಡೋದೂ ಅದನ್ನೇ.