ಲೆದರ್ ಸೂಟ್ ದಪ್ಪಗಿದ್ದರೆ ಸಾಕೇ? ಟ್ರ್ಯಾಕ್‌ಗೆ ಇಳಿಯುವ ಮುನ್ನ ಇಷ್ಟು ತಿಳಿದಿರಲಿ

“ದಪ್ಪ ಲೆದರ್ ಹಾಕಿದರೆ ಬಿದ್ದರೂ ಏನೂ ಆಗಲ್ಲ.” “ಬೆನ್ನ ಮೇಲೆ ಗೂನು ಇರುವ ಸೂಟ್ ಬೆನ್ನುಮೂಳೆ ಕಾಪಾಡುತ್ತೆ.” “ಲೈಟರ್ ಹಿಡಿದು ನೋಡಿ, ಸುಡದಿದ್ದರೆ ಅಸಲಿ ಲೆದರ್.” ಬೈಕ್ ಸವಾರರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥ ಮಾತುಗಳು ನಿಮಗೂ ಬಂದಿರಬಹುದು. ಟ್ರ್ಯಾಕ್ ಡೇಗೆಂದು ಕರ್ನಾಟಕದಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವವರು ಇವನ್ನೇ ನಂಬಿ ಸೂಟ್ ಕೊಂಡರೆ, ದುಡ್ಡಿನ ಜೊತೆಗೆ ಮೈಯ ಚರ್ಮವೂ ಹೋಗಬಹುದು. ಹಾಗಾದರೆ ಲೆದರ್ ಸೂಟ್ ನಿಜವಾಗಿ ಮಾಡುವ ಕೆಲಸವೇನು? ಕೊಳ್ಳುವಾಗ ಏನು ನೋಡಬೇಕು? ಒಂದೊಂದಾಗಿ ನೋಡೋಣ.

ಬಿದ್ದಾಗ ನಡೆಯುವುದು ಎರಡು ಸಂಗತಿ

ಮೊದಲನೆಯದು ಪೆಟ್ಟು. ತಿರುವಿನಲ್ಲಿ ಟೈರ್ ಹಿಡಿತ ತಪ್ಪಿ ಬೈಕ್ ಪಕ್ಕಕ್ಕೆ ಜಾರಿದರೆ, ಸವಾರ ಹೆಚ್ಚೆಂದರೆ ಸೀಟಿನ ಎತ್ತರದಿಂದ ನೆಲಕ್ಕೆ ಬೀಳುತ್ತಾನೆ. ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ವೇಗ ಗಂಟೆಗೆ ಸುಮಾರು 16 ಕಿ.ಮೀ. ಬೈಕ್ 60ರಲ್ಲಿರಲಿ, 160ರಲ್ಲಿರಲಿ, ಕೆಳಮುಖದ ಈ ಪೆಟ್ಟು ಹೆಚ್ಚೂಕಡಿಮೆ ಅಷ್ಟೇ.

ಎರಡನೆಯದು ಜಾರುವಿಕೆ. ಬೈಕಿನ ವೇಗದ ಲೆಕ್ಕ ಚುಕ್ತಾ ಆಗುವುದು ಇಲ್ಲಿ. ಲೆದರ್ ಮತ್ತು ಡಾಂಬರಿನ ನಡುವಿನ ಘರ್ಷಣಾಂಕ 0.6 ಎಂದು ಹಿಡಿದು ನಾವು ಲೆಕ್ಕ ಹಾಕಿದೆವು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಿದ್ದವರು ನಿಲ್ಲುವ ಹೊತ್ತಿಗೆ ಸುಮಾರು 65 ಮೀಟರ್ ಜಾರಿರುತ್ತಾರೆ, ಅದಕ್ಕೆ ಹಿಡಿಯುವ ಸಮಯ ಐದು ಸೆಕೆಂಡಿನ ಹತ್ತಿರ. ವೇಗ 150 ಇದ್ದರೆ ಸುಮಾರು 150 ಮೀಟರ್, ಏಳು ಸೆಕೆಂಡ್. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಜಾರುವ ದೂರ ಹೆಚ್ಚಿದ್ದು ಎರಡು ಪಟ್ಟಿಗೂ ಮಿಗಿಲು!

ಸವೆತದ ಪರೀಕ್ಷೆಗಳಲ್ಲಿ ಮಾಮೂಲಿ ಜೀನ್ಸ್ ಬಟ್ಟೆ ಸಾಮಾನ್ಯವಾಗಿ ಒಂದು ಸೆಕೆಂಡೂ ತಾಳುವುದಿಲ್ಲ. ಉಳಿದ ಸೆಕೆಂಡುಗಳಲ್ಲಿ ಸವೆಯುವುದು ನಮ್ಮ ಚರ್ಮ. ಲೆದರ್ ಸೂಟ್ ನಮಗೆ ಕೊಡುವುದು ಈ ಸೆಕೆಂಡುಗಳನ್ನು. ಪೆಟ್ಟು ತಡೆಯುವುದು ಅದರ ಕೆಲಸವಲ್ಲ, ಅದು ಒಳಗಿರುವ ಪ್ಯಾಡ್‌ಗಳ ಕೆಲಸ.

ನಂಬಿಕೆ 1: ದಪ್ಪ ಲೆದರ್ ಇದ್ದರೆ ಸಾಕು

ಪೂರ್ತಿ ನಿಜವಲ್ಲ. ಟ್ರ್ಯಾಕ್ ಸೂಟ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದು 1.1ರಿಂದ 1.4 ಮಿಲಿಮೀಟರ್ ದಪ್ಪದ ದನದ ಚರ್ಮ. ಕಾಂಗರೂ ಚರ್ಮ ಇದಕ್ಕಿಂತ ತೆಳುವಾಗಿದ್ದರೂ ಗಟ್ಟಿ, ಅದಕ್ಕೇ ದುಬಾರಿ. ಆದರೆ ಚರ್ಮ ಎಷ್ಟೇ ಚೆನ್ನಾಗಿರಲಿ, ಹೊಲಿಗೆ ಬಿಟ್ಟುಕೊಂಡರೆ ಎಲ್ಲವೂ ವ್ಯರ್ಥ.

ಆಸ್ಟ್ರೇಲಿಯಾದಲ್ಲಿ ರಸ್ತೆ ಅಪಘಾತಕ್ಕೊಳಗಾದ 212 ಸವಾರರ ಬಗ್ಗೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ರೈಡಿಂಗ್ ಜಾಕೆಟ್, ಪ್ಯಾಂಟ್, ಗ್ಲೌಸ್ ಧರಿಸಿದವರು ಆಸ್ಪತ್ರೆ ಸೇರುವ ಸಾಧ್ಯತೆ ಕಡಿಮೆ ಎಂದು ಅದು ಕಂಡುಕೊಂಡಿತು. ಆದರೆ ಬಿದ್ದಾಗ ಜಾಕೆಟ್‌ಗಳಲ್ಲಿ ಹತ್ತಕ್ಕೆ ಸುಮಾರು ಮೂರು ಹಾಳಾಗಿ ಕೈಕೊಟ್ಟಿದ್ದವು ಎಂಬುದೂ ಅದರಲ್ಲೇ ಇದೆ. ಅಂದರೆ ಗೇರ್ ಹಾಕಿದರಷ್ಟೇ ಸಾಲದು, ತಾಳುವ ಗೇರ್ ಬೇಕು.

ಆದ್ದರಿಂದ ಸೂಟನ್ನು ಒಳಮಗ್ಗುಲು ತಿರುಗಿಸಿ ನೋಡಿ. ಭುಜ, ಮೊಣಕೈ, ಸೊಂಟದ ಪಕ್ಕ, ಮಂಡಿ — ಮೊದಲು ನೆಲಕ್ಕೆ ತಾಗುವ ಜಾಗಗಳಿವು. ಇಲ್ಲಿ ಹೊಲಿಗೆ ಎರಡು-ಮೂರು ಸಾಲು ಇರಬೇಕು, ಒಂದು ಸಾಲಾದರೂ ಒಳಗೆ ಮರೆಯಾಗಿರಬೇಕು. ಹೊರಗೆ ಕಾಣುವ ದಾರ ನೆಲಕ್ಕೆ ಉಜ್ಜಿ ಹರಿದರೂ ಒಳಗಿನದು ಹಿಡಿದುಕೊಳ್ಳುತ್ತದೆ. ಹಿಗ್ಗುವ ಬಟ್ಟೆಯ ತೇಪೆ ಮಂಡಿಯ ಹಿಂಭಾಗ, ಕಂಕುಳಲ್ಲಿ ಇದ್ದರೆ ಸರಿ, ಮೊಣಕೈ ಅಥವಾ ತೊಡೆಯ ಹೊರಬದಿಯಲ್ಲಿ ಬೇಡ. ಗಾಳಿಯಾಡುವ ಸಣ್ಣ ತೂತುಗಳಿಗೂ ಇದೇ ಮಾತು.

ನಂಬಿಕೆ 2: ಲೈಟರ್ ಪರೀಕ್ಷೆಯಲ್ಲಿ ಅಸಲಿ-ನಕಲಿ ಗೊತ್ತಾಗುತ್ತದೆ

ದಯವಿಟ್ಟು ಮಾಡಬೇಡಿ. ಅಸಲಿ ಚರ್ಮವೂ ಬೆಂಕಿಗೆ ಕರಕಲಾಗುತ್ತದೆ. ಅಸಲಿ ಎಂದು ಗೊತ್ತಾದರೂ ಅದರ ದಪ್ಪ, ಹೊಲಿಗೆ, ಬಲ ಯಾವುದೂ ಇದರಿಂದ ತಿಳಿಯುವುದಿಲ್ಲ. ಫ್ಯಾಷನ್ ಜಾಕೆಟ್ ಕೂಡ ಅಸಲಿ ಲೆದರ್‌ನದೇ ಆಗಿರಬಹುದು, ಆದರೆ ಅದು ಟ್ರ್ಯಾಕ್‌ಗೆ ಆಗುವುದಿಲ್ಲ.

ಬೆಂಕಿಯ ಬದಲು ಒಳಗಿನ ಲೇಬಲ್ ಓದಿ. ಯುರೋಪಿನ ಇಎನ್ 17092 ಮಾನದಂಡದಲ್ಲಿ ಎಎಎ, ಎಎ, ಎ ಎಂಬ ದರ್ಜೆಗಳಿವೆ. ಎಎಎ ಎಲ್ಲಕ್ಕಿಂತ ಮೇಲಿನದು, ಟ್ರ್ಯಾಕ್‌ಗೆ ಅದನ್ನೇ ಹುಡುಕಿ. ಬರೀ ‘ಸಿಇ’ ಎಂದು ಬರೆದಿದ್ದರೆ ಎಚ್ಚರ! ಕೆಲವೊಮ್ಮೆ ಆ ಗುರುತು ಒಳಗಿನ ಪ್ಯಾಡ್‌ಗೆ ಮಾತ್ರ ಸಂಬಂಧಿಸಿರುತ್ತದೆ, ಇಡೀ ಸೂಟ್‌ಗಲ್ಲ.

ನಂಬಿಕೆ 3: ಗೂನು ಬೆನ್ನು ಕಾಪಾಡುತ್ತದೆ

ತಪ್ಪು. ಸೂಟಿನ ಗೂನು ಇರುವುದು ಹೆಲ್ಮೆಟ್ ಹಿಂದೆ ಗಾಳಿ ಸರಾಗವಾಗಿ ಹರಿಯಲೆಂದು. ರೇಸ್ ಸೂಟ್‌ಗಳಲ್ಲಿ ಏರ್‌ಬ್ಯಾಗಿನ ಯಂತ್ರಭಾಗ ಇಡಲೂ ಆ ಜಾಗ ಬಳಕೆಯಾಗುತ್ತದೆ. ಮೋಟೋಜಿಪಿಯಲ್ಲಿ 2018ರಿಂದ ಏರ್‌ಬ್ಯಾಗ್ ಕಡ್ಡಾಯ. ಹಾಗೆಂದು ಗೂನು ಇದ್ದಲ್ಲೆಲ್ಲ ಏರ್‌ಬ್ಯಾಗ್ ಇರುವುದಿಲ್ಲ.

ಬೆನ್ನಿಗೆ ಪ್ರತ್ಯೇಕ ಬ್ಯಾಕ್ ಪ್ರೊಟೆಕ್ಟರ್ ಬೇಕು. ಎಷ್ಟೋ ಸೂಟ್‌ಗಳ ಬೆನ್ನಲ್ಲಿ ಇರುವುದು ಬರೀ ಸ್ಪಂಜು. ಇಎನ್ 1621-2 ಪರೀಕ್ಷೆಯಲ್ಲಿ 50 ಜೂಲ್ ಪೆಟ್ಟು ಕೊಟ್ಟು, ಆಚೆಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಲೆವೆಲ್ 1ರಲ್ಲಿ ಸರಾಸರಿ 18 ಕಿಲೋನ್ಯೂಟನ್‌ವರೆಗೆ ದಾಟಬಹುದು, ಲೆವೆಲ್ 2ರಲ್ಲಿ 9 ಮಾತ್ರ. ಟ್ರ್ಯಾಕ್‌ಗೆ ಲೆವೆಲ್ 2 ಇರಲಿ.

ನಂಬಿಕೆ 4: ಒಂದು ಸೈಜ್ ದೊಡ್ಡದು ತಗೊಂಡರೆ ಆರಾಮ

ಇದು ಎಲ್ಲಕ್ಕಿಂತ ಅಪಾಯದ ಸಲಹೆ. ಸೂಟ್ ಸಡಿಲವಿದ್ದರೆ ಜಾರುವಾಗ ಮೊಣಕೈ ಪ್ಯಾಡ್ ಪಕ್ಕಕ್ಕೆ ಸರಿದು, ಮೊಣಕೈ ನೇರ ನೆಲಕ್ಕೆ ಸಿಗುತ್ತದೆ. ಬಳಸಿದಂತೆ ಲೆದರ್ ಸ್ವಲ್ಪ ಹಿಗ್ಗುವುದರಿಂದ ಮೊದಲ ದಿನ ಬಿಗಿಯಾಗಿಯೇ ಇರಬೇಕು.

ಅಂಗಡಿಯಲ್ಲಿ ಹೀಗೆ ನೋಡಿ:

• ಬ್ಯಾಕ್ ಪ್ರೊಟೆಕ್ಟರ್ ಹಾಕಿಕೊಂಡೇ ಸೂಟ್ ತೊಡಿ.
• ನೆಟ್ಟಗೆ ನಿಂತಾಗ ಎಳೆದಂತಾದರೆ ಚಿಂತೆಯಿಲ್ಲ. ಬೈಕ್ ಮೇಲೆ ಬಾಗಿ ಕೂತಾಗ ಹಿತವಾಗಿರಬೇಕು, ಉಸಿರು ಕಟ್ಟಬಾರದು.
• ಮೊಣಕೈ, ಮಂಡಿಯ ಪ್ಯಾಡ್ ಹಿಡಿದು ತಿರುಗಿಸಿ. ಸುಲಭವಾಗಿ ತಿರುಗಿದರೆ ಆ ಸೂಟ್ ನಿಮ್ಮದಲ್ಲ.
• ಜಾಕೆಟ್, ಪ್ಯಾಂಟ್ ಬೇರೆ ಬೇರೆಯಾಗಿದ್ದರೆ ಸೊಂಟದ ಸುತ್ತ ಪೂರ್ತಿ ಜಿಪ್ ಕೂಡಬೇಕು. ಇಲ್ಲದಿದ್ದರೆ ಜಾರುವಾಗ ಜಾಕೆಟ್ ಮೇಲೇರಿ ಬೆನ್ನು ಬರಿದಾಗುತ್ತದೆ.

ಗ್ಲೌಸ್ ಮಣಿಕಟ್ಟನ್ನು ದಾಟಿ ತೋಳಿನ ಮೇಲೆ ಬಂದು ಬಿಗಿಯಾಗಲಿ. ಅಂಗೈಯ ಬುಡದಲ್ಲಿ ನುಣುಪಾದ ಗಟ್ಟಿ ತುಂಡು ಇರಲಿ. ಬೀಳುವಾಗ ನಾವೆಲ್ಲ ಕೈ ಊರುತ್ತೇವೆ, ಆಗ ಅಂಗೈ ನೆಲಕ್ಕೆ ಕಚ್ಚಿಕೊಳ್ಳದೆ ಜಾರಿದರೆ ಮಣಿಕಟ್ಟಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಬೂಟು ಕಾಲಗಂಟು ಮುಚ್ಚುವಂತಿರಲಿ.

ಬಿದ್ದ ಸೂಟ್ ಮತ್ತೆ ಬಳಸಬಹುದೇ?

ಪಾಲಿಶ್ ಹಾಕಿದರೆ ಗೀರು ಮಾಯವಾಗುತ್ತದೆ, ತೆಳುವಾದ ಚರ್ಮ ಮತ್ತೆ ದಪ್ಪವಾಗುವುದಿಲ್ಲ. ಹೊಲಿಗೆ, ಪ್ಯಾಡ್ ಪರೀಕ್ಷಿಸಿ, ಹಾಳಾದ ಭಾಗ ಬದಲಿಸಿಯೇ ಮತ್ತೆ ತೊಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಇದನ್ನೇ ನೋಡಿ. ಬೆವರಿನಿಂದ ಒದ್ದೆಯಾದ ಸೂಟನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಲೆದರ್ ಒಣಗಿ ಬಿರುಕು ಬಿಡುತ್ತದೆ.

ಕೊನೆಯದಾಗಿ ಒಂದು ಮಾತು. ಬೈಕ್ ಸವಾರನನ್ನು ಮೇಲಕ್ಕೆಸೆದರೆ, ಅಥವಾ ಇನ್ನೊಂದು ಬೈಕ್ ಬಂದು ಗುದ್ದಿದರೆ ಎಂಥ ಸೂಟ್ ಇದ್ದರೂ ಮೂಳೆ ಮುರಿಯಬಹುದು. “ಏನೂ ಆಗಲ್ಲ” ಎನ್ನುವ ಮೆಸೇಜ್ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು “ಹೊಲಿಗೆ ನೋಡು, ಲೇಬಲ್ ಓದು, ಪ್ಯಾಡ್ ತಿರುಗಿಸಿ ನೋಡು” ಎಂದು ಬರೆದು ಕಳಿಸಿ.