ಕಾಮೊ ನದಿಯ ದಂಡೆಯಲ್ಲಿ ಋತುಗಳ ಲೆಕ್ಕ

ಜಪಾನಿನ ಕ್ಯೋತೊ ನಗರವು ಮೂರು ದಿಕ್ಕುಗಳಲ್ಲಿ ಬೆಟ್ಟಗಳಿಂದ ಸುತ್ತುವರಿದು, ದಕ್ಷಿಣಕ್ಕೆ ಮಾತ್ರ ತೆರೆದುಕೊಂಡಿರುವ ತಗ್ಗಿನಲ್ಲಿರುವುದರಿಂದ ಅಲ್ಲಿನ ಬೇಸಗೆ ಉಸಿರುಕಟ್ಟಿಸುವಷ್ಟು ಬೆವರಿಳಿಸುತ್ತದೆ, ಚಳಿಗಾಲ ಮೂಳೆಗಿಳಿಯುವಷ್ಟು ಕೊರೆಯುತ್ತದೆ. ನಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಕಾಮೊ ನದಿಯ ಎರಡೂ ದಂಡೆಗಳಲ್ಲಿ ಮೈಲುಗಟ್ಟಲೆ ಕಾಲುದಾರಿಗಳಿದ್ದು, ವಿಶ್ವವಿದ್ಯಾಲಯಗಳಲ್ಲಿ ಕಲಿಯಲು, ಸಂಶೋಧನೆ ನಡೆಸಲು ಅಥವಾ ದುಡಿಯಲು ಬಂದ ಹೊರದೇಶದವರಿಗೆ ಊರಿನ ಪರಿಚಯವಾಗುವುದು ಬಹುಮಟ್ಟಿಗೆ ಈ ದಾರಿಗಳ ಮೂಲಕವೇ. ಮೊದಲ ವರ್ಷ ಅವರಿಗೆ ಇಲ್ಲಿನ ಹೂವು, ಎಲೆ, ಹಕ್ಕಿಗಳು ಕಣ್ಣಿಗೆ ಹಬ್ಬವಾಗಿ ತೋರುತ್ತವೆ. ಎರಡು ಮೂರು ವರ್ಷ ಕಳೆದ ಮೇಲೆ ಅದೇ ನೋಟ ಒಂದು ದಾಖಲೆಯಾಗಿ ಕಾಣತೊಡಗುತ್ತದೆ. ಯಾವ ಗಿಡ ಯಾವಾಗ ಹೂಬಿಡುತ್ತದೆ, ಯಾವ ಹಕ್ಕಿ ಯಾವಾಗ ಬರುತ್ತದೆ ಎಂಬ ಋತುಘಟನೆಗಳ ಕಾಲವನ್ನು ಗುರುತಿಸಿ, ಅದಕ್ಕೂ ಹವಾಮಾನಕ್ಕೂ ಇರುವ ಸಂಬಂಧವನ್ನು ಅರಿಯುವ ವಿಜ್ಞಾನಶಾಖೆಗೆ ಫಿನಾಲಜಿ ಎಂದು ಹೆಸರು. ಈ ವಿಜ್ಞಾನಕ್ಕೆ ಕ್ಯೋತೊ ಒದಗಿಸಿರುವಷ್ಟು ದೀರ್ಘವಾದ ಸಾಮಗ್ರಿಯನ್ನು ಒದಗಿಸಿದ ನಗರಗಳು ಜಗತ್ತಿನಲ್ಲಿ ತೀರ ವಿರಳ.

ವಸಂತದ ಸಕುರಾ ಹೂವುಗಳನ್ನೇ ಮೊದಲು ನೋಡಬಹುದು. ಜಪಾನಿನ ಹವಾಮಾನ ಇಲಾಖೆಯು ಊರೂರುಗಳಲ್ಲಿ ಮಾದರಿ ಮರಗಳನ್ನು ಗೊತ್ತುಮಾಡಿದ್ದು, ಆ ಮರದಲ್ಲಿ ಐದಾರು ಹೂವುಗಳು ಅರಳಿದ ದಿನವನ್ನು ಹೂಬಿಡುವಿಕೆಯ ಆರಂಭವೆಂದೂ ಸುಮಾರು 80 ಪ್ರತಿಶತ ಮೊಗ್ಗುಗಳು ಬಿರಿದ ದಿನವನ್ನು ಪೂರ್ಣ ಅರಳುವಿಕೆಯೆಂದೂ ಘೋಷಿಸುತ್ತದೆ. ಕ್ಯೋತೊದ ಮಾದರಿ ಮರ ನಿಜೊ ಕೋಟೆಯೊಳಗಿದೆ. ಒಂದೇ ಮರವನ್ನು ನೋಡಿ ಇಡೀ ಊರಿನ ಬಗ್ಗೆ ಹೇಳುವುದು ಹೇಗೆ ಎಂಬ ಸಂದೇಹಕ್ಕೆ ಉತ್ತರ ಮರದ ವಂಶದಲ್ಲೇ ಇದೆ. ನಗರಗಳಲ್ಲಿ ಅತಿ ಹೆಚ್ಚಾಗಿ ನೆಟ್ಟಿರುವ ಸೊಮೆಯ್ ಯೊಶಿನೊ ಎಂಬ ತಳಿ ಎದೊ ಯುಗದ ಕೊನೆಯ ಭಾಗದಲ್ಲಿ ಈಗಿನ ತೋಕಿಯೊದ ಸೊಮೆಯ್ ಎಂಬ ಹಳ್ಳಿಯ ತೋಟಗಾರರಿಂದ ಹರಡಿದ್ದು, ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದ ಕಾರಣ ಅದನ್ನು ಕಸಿ ಮಾಡಿಯೇ ಬೆಳೆಸಬೇಕಾಗಿದೆ. ಹೀಗಾಗಿ ದೇಶದುದ್ದಕ್ಕೂ ಇರುವ ಈ ತಳಿಯ ಮರಗಳೆಲ್ಲ ಆನುವಂಶಿಕವಾಗಿ ಒಂದೇ ಮರದ ಪ್ರತಿಗಳು. ಎರಡು ಊರುಗಳ ಹೂವುಗಳ ನಡುವೆ ದಿನಗಳ ಅಂತರ ಕಂಡರೆ ಅದಕ್ಕೆ ಮುಖ್ಯ ಕಾರಣ ತಳಿಯ ವ್ಯತ್ಯಾಸವಲ್ಲ, ಹವೆಯ ವ್ಯತ್ಯಾಸ.

ಮೊಗ್ಗುಗಳು ರೂಪುಗೊಳ್ಳುವುದು ಹಿಂದಿನ ಬೇಸಗೆಯಲ್ಲಿ. ಶರತ್ಕಾಲದ ಹೊತ್ತಿಗೆ ಅವು ಸುಪ್ತಾವಸ್ಥೆಗೆ, ಅಂದರೆ ಬೆಳವಣಿಗೆ ತಡೆಹಿಡಿದ ನಿದ್ರೆಯಂತಹ ಸ್ಥಿತಿಗೆ ಜಾರುತ್ತವೆ. ಈ ನಿದ್ರೆಯನ್ನು ಮುರಿಯುವುದು ಬಿಸಿಲಲ್ಲ, ಚಳಿ; ಹಲವು ವಾರಗಳ ಕಾಲ ಸಾಕಷ್ಟು ತಂಪನ್ನು ಉಂಡ ಮೇಲೆಯೇ ಮೊಗ್ಗು ಎಚ್ಚರಗೊಳ್ಳುತ್ತದೆ, ಆ ನಂತರದ ಬಿಸುಪು ಅದನ್ನು ಅರಳಿಸುತ್ತದೆ. ಫೆಬ್ರವರಿ 1ರಿಂದ ಪ್ರತಿದಿನದ ಗರಿಷ್ಠ ಉಷ್ಣಾಂಶವನ್ನು ಕೂಡುತ್ತ ಹೋಗಿ ಮೊತ್ತ ಸುಮಾರು 600 ಡಿಗ್ರಿ ಮುಟ್ಟಿದಾಗ ಹೂವು ನಿರೀಕ್ಷಿಸಬಹುದೆಂಬ ಸರಳ ಲೆಕ್ಕ ಜಪಾನಿನಲ್ಲಿ ಜನಜನಿತವಾಗಿದೆ. ಆದರೆ ಚಳಿಗಾಲವೇ ಬೆಚ್ಚಗಾದರೆ ಮೊಗ್ಗಿನ ನಿದ್ರೆ ಸರಿಯಾಗಿ ಮುರಿಯದೆ, ದಕ್ಷಿಣದ ಕಗೊಶಿಮಾದಂತಹ ಬೆಚ್ಚನೆಯ ಊರುಗಳಲ್ಲಿ ಹೂವು ತಡವಾಗುವುದೂ ಉಂಟು. ಭೂಮಿ ಬಿಸಿಯಾದಷ್ಟೂ ಹೂವು ಬೇಗ ಎಂಬ ಸುಲಭದ ಸೂತ್ರ ಎಲ್ಲ ಕಡೆಗೂ ಸಲ್ಲದು.

ಕ್ಯೋತೊದ ವೈಶಿಷ್ಟ್ಯವಿರುವುದು ಈ ಆಧುನಿಕ ಲೆಕ್ಕಕ್ಕಿಂತ ಹಳೆಯದಾದ ಕಡತದಲ್ಲಿ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಈ ನಗರದ ಅರಸರು, ಆಸ್ಥಾನಿಕರು, ಬೌದ್ಧ ಭಿಕ್ಷುಗಳು ಸಕುರಾ ನೋಡುವ ಔತಣಗಳನ್ನು ದಿನಚರಿಗಳಲ್ಲಿ ಬರೆದಿಟ್ಟಿದ್ದರು. ಒಸಾಕಾದ ವಿಜ್ಞಾನಿ ಯಸುಯುಕಿ ಆಒನೊ ಅವರು ಈ ಬರಹಗಳಿಂದ ಕ್ರಿ.ಶ. 812ರಿಂದ ಈಚೆಗಿನ ಪೂರ್ಣ ಅರಳುವಿಕೆಯ ದಿನಾಂಕಗಳನ್ನು ಹೆಕ್ಕಿ ಜೋಡಿಸಿದರು. ಇವು ನಗರದ ಕಸಿ ತಳಿಯವಲ್ಲ, ಬೆಟ್ಟದ ಸಹಜ ಸಕುರಾ ಮರಗಳವು. ನಡುನಡುವೆ ಬಿಟ್ಟುಹೋದ ವರ್ಷಗಳಿದ್ದರೂ, ಮಾರ್ಚ್ ತಿಂಗಳ ಹಿಂದಿನ ಉಷ್ಣಾಂಶವನ್ನು ಅಂದಾಜು ಮಾಡಲು ಇಂತಹ ಮತ್ತೊಂದು ಮಾಲೆ ದೊರಕುವುದು ಕಷ್ಟ. ಶತಮಾನಗಳ ಕಾಲ ಏಪ್ರಿಲ್ ಮಧ್ಯಭಾಗದ ಸುತ್ತ ಸುಳಿಯುತ್ತಿದ್ದ ದಿನಾಂಕವು ಇಪ್ಪತ್ತನೆಯ ಶತಮಾನದಲ್ಲಿ ಹಿಂದಕ್ಕೆ ಸರಿಯತೊಡಗಿ, 2021ರಲ್ಲಿ ಮಾರ್ಚ್ 26ಕ್ಕೆ ಬಂದು ನಿಂತಿತು. ಅದಕ್ಕೆ ಮೊದಲಿನ ದಾಖಲೆ 1409ರ ಮಾರ್ಚ್ 27. ಈ ಸರಿತದಲ್ಲಿ ಭೂತಾಪದ ಪಾಲಿರುವಂತೆಯೇ, ಕಾಂಕ್ರೀಟು ಮತ್ತು ಡಾಂಬರು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಉಂಟಾಗುವ ನಗರದ ಸ್ವಂತ ಶಾಖದ ಪಾಲೂ ಗಣನೀಯವಾಗಿದೆ.

ಹೂವು ಬಿಡುವ ಮೊದಲೇ ಹೊಸಬರ ದೇಹ ಇನ್ನೊಂದು ಋತುಘಟನೆಯನ್ನು ಅರಿಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಮರಮುಟ್ಟಿಗಾಗಿ ದೇಶಾದ್ಯಂತ ನೆಟ್ಟ ಸುಗಿ ಎಂಬ ಸೂಚಿಪರ್ಣಿ ಮರಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿಗೆ ಪರಾಗ ತೂರುತ್ತವೆ. ಕ್ಯೋತೊದ ಉತ್ತರದ ಬೆಟ್ಟಗಳಂತೂ ಯುದ್ಧಕ್ಕಿಂತ ಬಹಳ ಹಿಂದಿನಿಂದ ಕಂಬಗಳಿಗಾಗಿ ಬೆಳೆಸುವ ಕಿತಯಾಮಾ ಸುಗಿಗೆ ಹೆಸರಾದವು. ಈ ಪರಾಗದಿಂದ ಬರುವ ಸೀನು, ಮೂಗು ಸೋರಿಕೆ, ಕಣ್ಣುರಿಗಳ ಅಲರ್ಜಿ 2019ರ ಸಮೀಕ್ಷೆಯೊಂದರ ಪ್ರಕಾರ ಜಪಾನಿನ ಸುಮಾರು 39 ಪ್ರತಿಶತ ಜನರನ್ನು ಕಾಡುತ್ತದೆ. ಭಾರತದಿಂದ ಹೋದವರು ಮೊದಲ ವಸಂತದಲ್ಲಿ ನಿರಾಳವಾಗಿ ಓಡಾಡಿ, ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಸೀನತೊಡಗುವುದು ಅಪರೂಪವಲ್ಲ. ಅಲರ್ಜಿಗೆ ಕಾರಣವಾಗುವ ಪ್ರತಿಕಾಯಗಳು, ಎಂದರೆ ಹೊರಗಿನ ವಸ್ತುವನ್ನು ಗುರುತಿಸಲು ದೇಹ ತಯಾರಿಸಿಕೊಳ್ಳುವ ಪ್ರೋಟೀನುಗಳು, ಪರಾಗದ ಸಂಪರ್ಕ ಮತ್ತೆ ಮತ್ತೆ ಆದಂತೆ ಶೇಖರವಾಗುತ್ತವೆ, ಒಂದು ಮಟ್ಟ ದಾಟಿದ ಮೇಲೆ ರೋಗಲಕ್ಷಣ ತೋರುತ್ತದೆ. ಹವಾಮಾನ ವಾರ್ತೆಯ ಜೊತೆಗೆ ಪರಾಗದ ಮುನ್ಸೂಚನೆ ಕೇಳುವುದು, ಮುಖಗವಸು ಧರಿಸುವುದು, ಹಾಸಿಗೆ ಬಟ್ಟೆಗಳನ್ನು ಹೊರಗೆ ಒಣಗಿಸದಿರುವುದು ಆಗ ಅವರ ದಿನಚರಿಗೂ ಸೇರುತ್ತದೆ. ಹಿಂದಿನ ಬೇಸಗೆ ಬಿಸಿಲಿನದಾಗಿದ್ದರೆ ಗಂಡುಹೂವುಗಳು ಹೆಚ್ಚಿ ಪರಾಗವೂ ಹೆಚ್ಚುತ್ತದೆ. ಇಂತಹ ಸುಗಿ ನೆಡುತೋಪುಗಳನ್ನು ಹತ್ತು ವರ್ಷಗಳಲ್ಲಿ ಸುಮಾರು 20 ಪ್ರತಿಶತ ಕಡಿಮೆ ಮಾಡುವುದಾಗಿ ಸರ್ಕಾರ 2023ರಲ್ಲಿ ಪ್ರಕಟಿಸಿತು; ಮರ ನೆಟ್ಟ ತಲೆಮಾರಿನ ಲೆಕ್ಕವನ್ನು ಮೂರನೆಯ ತಲೆಮಾರು ತೀರಿಸುತ್ತಿದೆ ಎನ್ನಬೇಕು.

ಜೂನ್ ಆರಂಭದಲ್ಲಿ ಮಳೆ ಹಿಡಿಯುತ್ತದೆ. ತ್ಸುಯು ಎಂದು ಕರೆಯುವ ಈ ಜಿಟಿಜಿಟಿ ಮಳೆಗಾಲ ಕ್ಯೋತೊ ಇರುವ ಕಿಂಕಿ ಪ್ರಾಂತದಲ್ಲಿ ಸರಾಸರಿ ಜುಲೈ ಮೂರನೆಯ ವಾರದವರೆಗೂ ನಡೆಯುತ್ತದೆ. ಇದು ಕರ್ನಾಟಕದ ಮುಂಗಾರಿಗೆ ದೂರದ ಬಂಧು: ಏಷ್ಯಾದ ಮಹಾಮುಂಗಾರಿನ ನೈರುತ್ಯ ಮಾರುತಗಳು ಹೊತ್ತು ತರುವ ತೇವ, ಪೆಸಿಫಿಕ್ ಸಾಗರದ ಮೇಲಿನ ಅಧಿಕ ಒತ್ತಡದ ಅಂಚಿನಲ್ಲಿ ಹರಿದುಬರುವ ತೇವದೊಂದಿಗೆ ಸೇರಿ, ಉತ್ತರದ ತಂಪುಗಾಳಿಗೆ ಎದುರಾದಲ್ಲಿ ಪೂರ್ವ ಪಶ್ಚಿಮವಾಗಿ ಚಾಚಿದ ಮೋಡಪಟ್ಟಿ ನಿಲ್ಲುತ್ತದೆ. ದೇವಾಲಯಗಳ ಅಂಗಳದಲ್ಲಿ ಆಗ ಅರಳುವ ಅಜಿಸಾಯ್, ಅಂದರೆ ಹೈಡ್ರೇಂಜಿಯಾ, ಹುಳಿಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಮ್ಮನ್ನು ಹೀರಿಕೊಂಡು ನೀಲಿಯಾಗುತ್ತದೆ, ಅದು ದಕ್ಕದ ಕಡೆ ನಸುಗೆಂಪಾಗಿಯೇ ಉಳಿಯುತ್ತದೆ. ಅದೇ ದಿನಗಳ ರಾತ್ರಿ ‘ತತ್ತ್ವಜ್ಞಾನಿಯ ದಾರಿ’ ಎಂದು ಹೆಸರಾದ ಕಾಲುವೆಯ ಬದಿಯಲ್ಲಿ ಗೆಂಜಿ ಮಿಂಚುಹುಳುಗಳು ಬೆಳಗುತ್ತವೆ. ಒಂದೇ ಜಾತಿಯ ಈ ಹುಳು ಪಶ್ಚಿಮ ಜಪಾನಿನಲ್ಲಿ ಸುಮಾರು ಎರಡು ಸೆಕೆಂಡಿಗೊಮ್ಮೆ, ಪೂರ್ವ ಜಪಾನಿನಲ್ಲಿ ಸುಮಾರು ನಾಲ್ಕು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಪ್ರವಾಸಿ ಕೈಪಿಡಿಗಳಲ್ಲಿ ಕಾಣದ ಈ ಭೇದವನ್ನು ಕೈಗಡಿಯಾರವಿರುವ ಯಾರು ಬೇಕಾದರೂ ಪರೀಕ್ಷಿಸಬಹುದು.

ಮಳೆ ಹಿಂತೆಗೆದೊಡನೆ ಮರಗಳಿಂದ ಕುಮಾಜೆಮಿ ಎಂಬ ದೊಡ್ಡ ಜೀರುಂಡೆಯ ಕಿವಿಗಡಚಿಕ್ಕುವ ಕೂಗು ಎದ್ದು ಬೆಳಗಿನ ನಡಿಗೆಯನ್ನು ಮುತ್ತುತ್ತದೆ. ಒಸಾಕಾದಂತಹ ನಗರಗಳಲ್ಲಿ ಇದು ಕಳೆದ ಹಲವು ದಶಕಗಳಲ್ಲಿ ಬಹಳವಾಗಿ ಹೆಚ್ಚಿದೆ. ಮರದ ಕೊಂಬೆಯಲ್ಲಿಟ್ಟ ಮೊಟ್ಟೆ ಮುಂದಿನ ವರ್ಷದ ಬೇಸಗೆಯಲ್ಲಿ ಒಡೆಯುತ್ತದೆ. ನಗರದ ಬಿಸಿಯಿಂದ ಅದು ಬೇಗ ಬಲಿತರೆ ಮರಿ ಹೊರಬರುವ ಕಾಲ ಮಳೆಗಾಲದೊಂದಿಗೆ ಕೂಡಿಬಂದು, ಒಣಗಿ ಸಾಯುವ ಅಪಾಯ ತಗ್ಗುತ್ತದೆ. ಜೊತೆಗೆ ಈ ಮರಿಗಳು ತುಳಿದು ಗಟ್ಟಿಯಾದ ಪಾರ್ಕಿನ ನೆಲವನ್ನು ಉಳಿದ ಜಾತಿಗಳಿಗಿಂತ ಚೆನ್ನಾಗಿ ಕೊರೆಯಬಲ್ಲವೆಂದು ಪ್ರಯೋಗಗಳು ತೋರಿಸಿವೆ. ಇಂಟರ್ನೆಟ್ ತರುವ ಆಪ್ಟಿಕಲ್ ಕೇಬಲನ್ನು ಒಣಕೊಂಬೆಯೆಂದು ಬಗೆದು ಇವು ಮೊಟ್ಟೆಯಿಟ್ಟು ಸಂಪರ್ಕ ಕೆಡಿಸಿದ್ದರಿಂದ ಕೇಬಲಿನ ರಚನೆಯನ್ನೇ ಬದಲಿಸಬೇಕಾಯಿತು.

ಶರತ್ಕಾಲದ ಕೆಂಪು ಮೇಪಲ್ ಎಲೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಹವಾಮಾನ ಇಲಾಖೆಯ 1953ರಿಂದೀಚಿನ ಅಂಕಿಗಳಲ್ಲಿ ಸಕುರಾ ದಶಕಕ್ಕೆ ಸುಮಾರು ಒಂದು ದಿನದಂತೆ ಮುಂಚಿತವಾಗುತ್ತಿದ್ದರೆ ಮೇಪಲ್ ಕೆಂಪಾಗುವ ದಿನ ದಶಕಕ್ಕೆ ಸುಮಾರು ಮೂರು ದಿನದಂತೆ ತಡವಾಗುತ್ತಿದೆ ಎಂಬುದನ್ನಷ್ಟೇ ಇಲ್ಲಿ ಹೇಳಿದರೆ ಸಾಕು. ಅದಕ್ಕಿಂತ ಕುತೂಹಲದ ಸಂಗತಿ ನದಿಯ ನೀರಿನೊಳಗಿದೆ. ಕಾಮೊದಲ್ಲಿ ಬದುಕುವ, ಮೀಟರಿಗೂ ಮಿಕ್ಕಿ ಬೆಳೆಯಬಲ್ಲ ದೈತ್ಯ ಸಲಮಾಂಡರ್‌ಗಳು ಬಹುಪಾಲು ಈಗ ಶುದ್ಧ ಜಪಾನಿ ಜಾತಿಯವಲ್ಲ. ಹಿಂದೊಮ್ಮೆ ಆಹಾರಕ್ಕೆಂದು ತಂದ ಚೀನಾದ ಜಾತಿ ನದಿ ಸೇರಿ ಬೆರೆತು ಮಿಶ್ರತಳಿ ಹುಟ್ಟಿದೆ. 2024ರಲ್ಲಿ ಈ ಮಿಶ್ರತಳಿಯನ್ನೂ ಚೀನಾದ ಜಾತಿಯನ್ನೂ ಕಾನೂನಿನ ಮೂಲಕ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಚಳಿಗಾಲದಲ್ಲಿ ನದಿಗೆ ಬರುವ ಬಿಳಿಯ ಕಡಲಹಕ್ಕಿ ಯುರಿಕಮೊಮೆ ಕೂಡ ಊರಿನ ಪುರಾತನ ಅತಿಥಿಯಲ್ಲ. ಕಾಮೊಗೆ ಅದರ ಹಿಂಡುಗಳು ಬರತೊಡಗಿದ್ದು 1974ರಲ್ಲಿ. ಕಮ್‌ಚಟ್ಕಾದಿಂದ ಬಂದು, ಹಗಲು ನದಿಯಲ್ಲಿದ್ದು, ಸಂಜೆ ಬೆಟ್ಟ ದಾಟಿ ಬಿವಾ ಸರೋವರದಲ್ಲಿ ತಂಗುವ ಇವುಗಳ ಸಂಖ್ಯೆ ಈಗ ಬಹಳ ಇಳಿದಿದೆ.

ವರ್ಷವನ್ನು ಐದೈದು ದಿನಗಳ 72 ಭಾಗಗಳಾಗಿ ಒಡೆದು ಒಂದೊಂದಕ್ಕೂ ಒಂದು ಹೂವಿನ, ಹುಳುವಿನ ಅಥವಾ ಮಂಜಿನ ಹೆಸರಿಡುವ ಪದ್ಧತಿ ಚೀನಾದಿಂದ ಬಂದಿತ್ತು. 1685ರಲ್ಲಿ ಬಳಕೆಗೆ ಬಂದ ಪಂಚಾಂಗದಲ್ಲಿ ಖಗೋಳಜ್ಞ ಶಿಬುಕವಾ ಶುಂಕಾಯ್ ಅದನ್ನು ಜಪಾನಿನ ಹವೆಗೆ ಹೊಂದಿಸಿ ತಿದ್ದಿದರು. ಇಂದು ನಿಸರ್ಗವೇ ಆ ಪಟ್ಟಿಯಿಂದ ಜಾರುತ್ತಿದೆ. ಹೀಗಿರುವಾಗ ಹವಾಮಾನ ಇಲಾಖೆ ಅದುವರೆಗೆ 34 ಸಸ್ಯಗಳನ್ನೂ 23 ಪ್ರಾಣಿಗಳನ್ನೂ ಗಮನಿಸುತ್ತಿದ್ದ ಕಾರ್ಯಕ್ರಮವನ್ನು 2021ರಲ್ಲಿ ಕೇವಲ ಆರು ಸಸ್ಯಗಳಿಗೆ ಇಳಿಸಿ, ಪ್ರಾಣಿಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ವೀಕ್ಷಣಾಲಯಗಳ ಸುತ್ತ ಅವು ಸಿಗುವುದೇ ಕಷ್ಟವಾಗಿದೆ ಎಂಬುದು ಕಾರಣ. ಆದರೆ ಕಾಣದಾಗುತ್ತಿರುವುದೇ ದಾಖಲಾಗಬೇಕಾದ ಸಂಗತಿಯಾಗಿರುವಾಗ ಇದು ಒಳ್ಳೆಯ ತೀರ್ಮಾನವೆನ್ನಲಾಗದು. ಅದೇ ವರ್ಷ ರಾಷ್ಟ್ರೀಯ ಪರಿಸರ ಅಧ್ಯಯನ ಸಂಸ್ಥೆ ನಾಗರಿಕರ ನೆರವಿನಿಂದ ಈ ವೀಕ್ಷಣೆಯನ್ನು ಮುಂದುವರಿಸಲು ತೊಡಗಿತು. ಇಂತಹ ಕೆಲಸಕ್ಕೆ ಜಪಾನಿ ಭಾಷೆಯ ಪಾಂಡಿತ್ಯವಾಗಲಿ ದೂರದರ್ಶಕವಾಗಲಿ ಅನಿವಾರ್ಯವಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರು ಮನೆಯ ಹತ್ತಿರದ ಒಂದೇ ಮರವನ್ನು, ನಡೆಯುವ ಒಂದೇ ದಾರಿಯನ್ನು ಆರಿಸಿಕೊಂಡು, ಏನು, ಎಲ್ಲಿ, ಯಾವ ದಿನ ಎಂಬ ಮೂರನ್ನು ವರ್ಷವರ್ಷವೂ ಬರೆದಿಡಲಿ. ನಿರೀಕ್ಷಿಸಿದ ಹಕ್ಕಿಯೋ ಹುಳುವೋ ಕಾಣಿಸದಿದ್ದರೆ ಅದನ್ನೂ ಬರೆಯಲಿ.